ಲೆಕ್ಕ ಯಾವ ಭಾಷೆಯಲ್ಲಿ ಹೇಳಿಕೊಡಲಿ?

ಪ್ರಶ್ನೆ: ನಾನು ದಾವಣಗೆರೆಯ ವಿದ್ಯಾನಗರದವಳು. ದ್ವಿತೀಯ ಪಿಯುಸಿ ಮುಗಿದಿದೆ. ಎಂಬಿಬಿಎಸ್ ಸೀಟಿಗಾಗಿ ಇನ್ನೊಂದು ವರ್ಷ ನೀಟ್‌ಗೆ ಓದುತ್ತಿದ್ದೇನೆ. ಸಂಜೆ ನಮ್ಮ ಬೀದಿಯ ಐದಾರು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಎಲ್ಲರೂ ಒಂಬತ್ತು, ಹತ್ತನೇ ತರಗತಿಯವರು. ಅರ್ಧ ಜನ ಕನ್ನಡ ಮಾಧ್ಯಮ, ಉಳಿದವರು ಇಂಗ್ಲಿಷ್ ಮಾಧ್ಯಮ. ನಾನು ಹತ್ತನೇ ತನಕ ಕನ್ನಡದಲ್ಲಿ ಓದಿ ಪಿಯುಸಿಯಲ್ಲಿ ಇಂಗ್ಲಿಷ್‌ಗೆ ಬಂದವಳು. ಹಾಗಾಗಿ ಎರಡನ್ನೂ ಕಲಸಿ ಪಾಠ ಮಾಡುತ್ತೇನೆ. ಒಬ್ಬ ಹುಡುಗನ ಅಮ್ಮ ‘ಅವನಿಗೆ ಕನ್ನಡದಲ್ಲಿ ಹೇಳ್ಬೇಡಿ’ ಅನ್ನುತ್ತಾರೆ. ಮಕ್ಕಳು ನನ್ನೆದುರು ‘ಅರ್ಥ ಆಯ್ತಕ್ಕ’ ಅನ್ನುತ್ತಾರೆ, ಶಾಲೆಯ ಟೆಸ್ಟ್‌ನಲ್ಲಿ ಮಾತ್ರ ಬರೆಯುವುದಿಲ್ಲ. ಯಾವ ಭಾಷೆಯಲ್ಲಿ ಹೇಳಿಕೊಡಲಿ? ಡಾಕ್ಟರ್ ಆಗಬೇಕು ಅಂದುಕೊಂಡವಳಿಗೆ ಈ ಟ್ಯೂಷನ್ ದಂಡವೇ?

ಉತ್ತರ: ಭಾಷೆಯ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಮಗು ಗೆಳೆಯರ ಜೊತೆ ಯಾವ ಭಾಷೆಯಲ್ಲಿ ಜಗಳ ಆಡುತ್ತದೋ ಆ ಭಾಷೆಯಲ್ಲಿ ಯೋಚಿಸಲಿ, ಮಾತಾಡಲಿ. ಯಾವ ಭಾಷೆಯಲ್ಲಿ ಪರೀಕ್ಷೆ ಬರೆಯುತ್ತದೋ ಆ ಭಾಷೆಯಲ್ಲಿ ಬರೆಯಲಿ. ನಿಮ್ಮ ಬೀದಿಯ ಇಂಗ್ಲಿಷ್ ಮಾಧ್ಯಮದ ಹುಡುಗನೂ ಕ್ರಿಕೆಟ್ ಆಡುವಾಗ ಔಟಾ ಅಲ್ವಾ ಅಂತ ಕನ್ನಡದಲ್ಲೇ ಕಿತ್ತಾಡುತ್ತಾನೆ. ಹಾಗಾದರೆ ಅವನೂ ಲೆಕ್ಕವನ್ನು ಕನ್ನಡದಲ್ಲೇ ಯೋಚಿಸಲಿ. ಬರೆಯುವುದು ಇಂಗ್ಲಿಷ್‌ನಲ್ಲಿ.

ನೀವು ಎಂಬಿಬಿಎಸ್ ಸೇರಿದ ಮೇಲೆ ಮಾಡುವ ಕೆಲಸವೂ ಇದೇ. ನಿಮ್ಮೂರಿನ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಜಗಳೂರು ಕಡೆಯಿಂದ ಬಂದ ಅಜ್ಜಿ ‘ಎದಿ ಹಿಡದಂಗ ಆಗ್ತತಿ’ ಅನ್ನುತ್ತಾಳೆ. ಡಾಕ್ಟರು ಕನ್ನಡದಲ್ಲೇ ಕೇಳುತ್ತಾರೆ. ಯಾವಾಗಿಂದ? ನಡೆದರೆ ಜಾಸ್ತಿ ಆಗುತ್ತಾ? ಕೂತರೆ ಕಡಿಮೆ ಆಗುತ್ತಾ? ಕೇಸ್ ಶೀಟ್ ಬರೆಯುವುದು ಮಾತ್ರ ಇಂಗ್ಲಿಷ್‌ನಲ್ಲಿ. ಅಜ್ಜಿಯ ನೋವನ್ನು ಇಂಗ್ಲಿಷ್‌ನಲ್ಲಿ ಹೇಳು ಅಂತ ಯಾರೂ ಕೇಳುವುದಿಲ್ಲ. ಈಗಿನ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಮೊದಲ ವರ್ಷದ ಫೌಂಡೇಷನ್ ಕೋರ್ಸ್ ಇದೆಯಲ್ಲ, ಅದರಲ್ಲಿ ಸ್ಥಳೀಯ ಭಾಷೆ ಕಲಿಸುವುದೂ ಸೇರಿದೆ. ಕೇಳುವ ಭಾಷೆ ಒಂದು, ಬರೆಯುವ ಭಾಷೆ ಇನ್ನೊಂದು. ಮಕ್ಕಳ ಲೆಕ್ಕಕ್ಕೂ ಹಾಗೇ ಮಾಡಿ. ಮೊದಲು ಮಗುವಿನ ಬಾಯಿಂದ ಕೇಸ್ ತೆಗೆದುಕೊಳ್ಳಿ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದ ಮಾತು ಭಾಷೆಯದ್ದಲ್ಲ, ‘ಅರ್ಥ ಆಯ್ತಕ್ಕ’ ಅನ್ನುವುದು. ‘ಅರ್ಥ ಆಯ್ತಾ?’ ಅಂತ ಕೇಳುವುದನ್ನು ಇವತ್ತೇ ನಿಲ್ಲಿಸಿ. ಆ ಪ್ರಶ್ನೆಗೆ ಮಕ್ಕಳ ಹತ್ತಿರ ಇರುವುದು ಒಂದೇ ಉತ್ತರ. ‘ಇಲ್ಲ’ ಅಂದರೆ ಅಕ್ಕ ಮತ್ತೆ ಮೊದಲಿಂದ ಶುರು ಮಾಡುತ್ತಾಳೆ, ಮನೆಗೆ ಹೋಗುವುದು ತಡ ಆಗುತ್ತದೆ ಅಂತ ಅವರಿಗೆ ಗೊತ್ತು. ಅದರ ಬದಲು ‘ಈಗ ನೀನು ನನಗೆ ಹೇಳಿಕೊಡು’ ಅನ್ನಿ. ಒಳ್ಳೆಯ ವೈದ್ಯರೂ ಮಾತ್ರೆ ಚೀಟಿ ಕೊಟ್ಟಮೇಲೆ ‘ಹೆಂಗೆ ತಗೋತೀರಿ, ಹೇಳಿ ನೋಡೋಣ’ ಅನ್ನುತ್ತಾರೆ. ಹೂಂ ಅಂದವರು ಎಷ್ಟು ಕೇಳಿಸಿಕೊಂಡಿದ್ದಾರೆ ಅನ್ನುವುದು ಆಗ ತಿಳಿಯುತ್ತದೆ.

ಒಂದು ಲೆಕ್ಕ ತೆಗೆದುಕೊಳ್ಳಿ. 3, 7, 11, 15 ಹೀಗೆ ಹೋಗುವ ಸಮಾಂತರ ಶ್ರೇಢಿ. 20ನೇ ಪದ ಎಷ್ಟು? ಸೂತ್ರ ಬಾಯಿಪಾಠ ಇರುವ ಮಗು ಬೆಲೆ ಹಾಕಿ 79 ಅಂತ ತೆಗೆಯುತ್ತದೆ. ‘ಯಾಕೆ 19ರಿಂದ ಗುಣಿಸಿದೆ, 20ನೇ ಪದ ಅಲ್ವಾ?’ ಅಂದರೆ ಸುಮ್ಮನಾಗುತ್ತದೆ. ಅಲ್ಲಿ ಸೂತ್ರ ತೋರಿಸಬೇಡಿ. ಹೀಗೆ ಕೇಳಿ: ಮೊದಲನೇ ಪದ ಬರೋಕೆ ಎಷ್ಟು ಸಲ ನಾಲ್ಕು ಕೂಡಿದೆ? ‘ಕೂಡೇ ಇಲ್ಲ.’ ಎರಡನೇದಕ್ಕೆ? ‘ಒಂದ್ಸಲ.’ ಮೂರನೇದಕ್ಕೆ? ‘ಎರಡು ಸಲ.’ 20ನೇದಕ್ಕೆ? ಇಷ್ಟೂ ಮಾತು ಕನ್ನಡದಲ್ಲೇ ನಡೆಯಲಿ. ‘ಹತ್ತೊಂಬತ್ತು’ ಅಂತ ಮಗುವೇ ಹೇಳಿದ ಮೇಲೆ ಪೆನ್ನು ಕೊಡಿ. ಈಗ ಅದು ತನ್ನ ಪುಸ್ತಕದ ಭಾಷೆಯಲ್ಲಿ ಬರೆಯಲಿ. ಇಂಗ್ಲಿಷ್ ಮಾಧ್ಯಮದವನು ‘ಕಾಮನ್ ಡಿಫರೆನ್ಸ್’ ಅಂತ ಬರೆಯುತ್ತಾನೆ, ಕನ್ನಡದವಳು ‘ಸಾಮಾನ್ಯ ವ್ಯತ್ಯಾಸ’ ಅಂತ. ಅದರ ಕೆಳಗಿನ ಸಾಲು, 3 + 19 × 4 = 79, ಇಬ್ಬರಿಗೂ ಒಂದೇ.

ಈ ‘ಇಬ್ಬರಿಗೂ ಒಂದೇ’ ಅನ್ನುವುದನ್ನು ನೀವು ಇನ್ನೂ ಜಾಸ್ತಿ ಬಳಸಿಕೊಳ್ಳಬಹುದು. ನಮ್ಮ ರಾಜ್ಯದ ಕನ್ನಡ ಮಾಧ್ಯಮದ ಪುಸ್ತಕದಲ್ಲೂ ಎಕ್ಸ್, ವೈ, ಸೈನ್, ಕಾಸ್ ಎಲ್ಲ ಇಂಗ್ಲಿಷ್ ಅಕ್ಷರದಲ್ಲೇ ಇವೆ. ಅಂಕಿಗಳೂ ಅವೇ. ಒಂಬತ್ತು, ಹತ್ತನೇ ತರಗತಿಯ ಗಣಿತ ಎರಡೂ ಮಾಧ್ಯಮದಲ್ಲಿ ಎನ್‌ಸಿಇಆರ್‌ಟಿ ಪುಸ್ತಕದಿಂದಲೇ ಬಂದದ್ದು, ಲೆಕ್ಕಗಳೂ ಅವೇ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎರಡೂ ಪುಸ್ತಕ ಒಂದು ಪೈಸೆ ಖರ್ಚಿಲ್ಲದೆ ಸಿಗುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಪಾಠ ಮಾಡಿ. ಕನ್ನಡ ಮಾಧ್ಯಮದ ಹುಡುಗಿ ಲೆಕ್ಕವನ್ನು ತನ್ನ ಪುಸ್ತಕದಿಂದ ಓದಲಿ, ಅದೇ ಲೆಕ್ಕವನ್ನು ಹುಡುಗ ಇಂಗ್ಲಿಷ್‌ನಲ್ಲಿ ಓದಲಿ. ಮುಂದಿನ ವರ್ಷ ಪಿಯುಸಿ ವಿಜ್ಞಾನಕ್ಕೆ ಹೋಗುವ ಹುಡುಗಿಗೆ ಆ ಶಬ್ದಗಳು ಈಗಿನಿಂದಲೇ ಕಿವಿಗೆ ಬೀಳುತ್ತವೆ. ಆ ಮೊದಲ ಮೂರು ತಿಂಗಳು ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ.

ಇನ್ನು ಕಲಸುವ ವಿಷಯ. ಕನ್ನಡ, ಇಂಗ್ಲಿಷ್ ಕಲಸುವುದು ತಪ್ಪು ಅಂತ ನಾನು ಹೇಳುವುದಿಲ್ಲ. ದಾವಣಗೆರೆಯಲ್ಲಿ ಲೆಕ್ಕದ ಮೇಷ್ಟ್ರುಗಳೆಲ್ಲ ಹಾಗೇ ಮಾತಾಡುವುದು. ತೊಂದರೆ ಬೇರೆ ಕಡೆ ಇದೆ. ಕಲಸಿ ಮಾತಾಡುವಾಗ ನಾವು ಅರ್ಧ ವಾಕ್ಯದಲ್ಲೇ ಮುಗಿಸಿಬಿಡುತ್ತೇವೆ. ‘ಇದನ್ನ ಆ ಕಡೆ ಹಾಕು, ಮೈನಸ್ ಆಗುತ್ತೆ.’ ‘ಮೇಲೆ ಕೆಳಗೆ ಕ್ಯಾನ್ಸಲ್ ಮಾಡು.’ ‘ಕ್ರಾಸ್ ಮಲ್ಟಿಪ್ಲೈ ಹೊಡಿ.’ ನೀವೂ ಇವನ್ನೇ ಹೇಳುತ್ತಿರಬಹುದು, ಯಾಕಂದರೆ ನಿಮಗೂ ಹಾಗೇ ಹೇಳಿಕೊಟ್ಟಿರುತ್ತಾರೆ. ಈ ಮಾತುಗಳಲ್ಲಿ ಕೂಡು, ಕಳೆ, ಗುಣಿಸು, ಭಾಗಿಸು ಅನ್ನುವ ಕೆಲಸ ಎಲ್ಲೂ ಕಾಣುವುದಿಲ್ಲ. ಹೇಳುವವರ ತಲೆಯಲ್ಲಿ ಅದು ಇರುತ್ತದೆ, ಕೇಳುವವರ ತಲೆಗೆ ಹೋಗುವುದಿಲ್ಲ.

ಆಗ ಏನಾಗುತ್ತದೆ ನೋಡಿ. ಎಕ್ಸ್ + 3 = 12 ಅಂದಾಗ 3 ಆ ಕಡೆ ಹೋಗಿ ಮೈನಸ್ ಆಯಿತು, ಉತ್ತರ 9 ಬಂತು, ಖುಷಿ. ಮುಂದಿನ ಲೆಕ್ಕ 3ಎಕ್ಸ್ = 12. ಮಗು ಮತ್ತೆ 3ನ್ನು ಆ ಕಡೆ ಹಾಕುತ್ತದೆ, ಮೈನಸ್ ಮಾಡುತ್ತದೆ, ಮತ್ತೆ 9 ಬರೆಯುತ್ತದೆ. ನೀವು ಹೇಳಿದ್ದನ್ನೇ ಅದು ಮಾಡಿದೆ! ಇದೇ ಕಥೆ ‘ಕ್ಯಾನ್ಸಲ್’ದೂ. ಮೇಲೆ ಎಕ್ಸ್ + 6, ಕೆಳಗೆ 6. ಮಗು ಎರಡೂ ಆರನ್ನು ಹೊಡೆದು ಎಕ್ಸ್ ಅಂತ ಬರೆಯುತ್ತದೆ. ಎಕ್ಸ್ ಜಾಗದಲ್ಲಿ 12 ಹಾಕಿ ನೋಡು ಅನ್ನಿ. ಮೇಲೆ 18, ಕೆಳಗೆ 6, ಬರಬೇಕಾದ್ದು 3. ಮಗುವಿನ ಲೆಕ್ಕದಲ್ಲಿ ಬಂದದ್ದು 12. ಅಲ್ಲಿಗೆ ಮಗುವೇ ತಲೆ ಕೆರೆದುಕೊಳ್ಳುತ್ತದೆ.

ಇದಕ್ಕೆ ಮದ್ದು ಪೂರ್ತಿ ವಾಕ್ಯ. ‘ಎರಡೂ ಕಡೆಯಿಂದ 3 ಕಳೆ.’ ‘ಎರಡೂ ಕಡೆಯನ್ನ 3ರಿಂದ ಭಾಗಿಸು.’ ‘ಮೇಲಿನದೆಲ್ಲವನ್ನೂ 6ರಿಂದ ಭಾಗಿಸು, ಕೆಳಗಿನದನ್ನೂ ಭಾಗಿಸು.’ ಯಾವ ಭಾಷೆಯಲ್ಲಾದರೂ ಹೇಳಿ, ಆದರೆ ಯಾರು, ಯಾವುದನ್ನು, ಎಷ್ಟರಿಂದ, ಏನು ಮಾಡಿದರು ಅನ್ನುವುದು ವಾಕ್ಯದಲ್ಲಿ ಇರಲಿ. ಒಂದೆರಡು ವಾರ ಮಕ್ಕಳಿಗೆ ‘ಆ ಕಡೆ’, ‘ಕ್ಯಾನ್ಸಲ್’ ಅನ್ನುವ ಮಾತೇ ಬಳಸಬಾರದು ಅಂತ ಕಟ್ಟಪ್ಪಣೆ ಮಾಡಿ. ಯಾರು ಬಳಸಿದರೂ ಉಳಿದವರು ಹಿಡಿಯಲಿ. ಅಕ್ಕ ಬಳಸಿದರಂತೂ ಅವರಿಗೆ ಹಬ್ಬ.

ವಾಕ್ಯದ ಲೆಕ್ಕಗಳಲ್ಲಿ ನಿಮ್ಮ ಎರಡು ಭಾಷೆ ನಿಜವಾಗಿಯೂ ಕೆಲಸಕ್ಕೆ ಬರುತ್ತವೆ. ತಂದೆಯ ವಯಸ್ಸು ಮಗನ ವಯಸ್ಸಿನ ಮೂರರಷ್ಟಕ್ಕಿಂತ 5 ಕಡಿಮೆ ಅಂತ ಇಟ್ಟುಕೊಳ್ಳಿ. ಕನ್ನಡದ ವಾಕ್ಯ ಹೋದ ದಾರಿಯಲ್ಲೇ ಬರೆದರೆ ಸಾಕು: ಮೊದಲು ಮಗನ ವಯಸ್ಸು, ಅದರ ಮೂರರಷ್ಟು, ಆಮೇಲೆ 5 ಕಳೆ. 3ಎಕ್ಸ್ − 5 ತಾನಾಗಿ ಬರುತ್ತದೆ. ಇಂಗ್ಲಿಷ್ ಪುಸ್ತಕದಲ್ಲಿ ಅದೇ ಮಾತು ‘ಫೈವ್ ಲೆಸ್ ದ್ಯಾನ್ ತ್ರೀ ಟೈಮ್ಸ್’ ಅಂತ ಶುರುವಾಗುತ್ತದೆ. ಐದು ಮೊದಲು ಕಂಡಿತು ಅಂತ ಹುಡುಗ 5 − 3ಎಕ್ಸ್ ಬರೆಯುತ್ತಾನೆ. ಮಗನಿಗೆ 15 ವರ್ಷ ಅಂದರೆ ತಂದೆಗೆ ಮೈನಸ್ 40. ಅವನಿಗೆ ಇಂಗ್ಲಿಷ್ ಬರುವುದಿಲ್ಲ ಅಂತಲ್ಲ, ಬಂದ ಸಾಲಲ್ಲೇ ಬರೆದಿದ್ದಾನೆ. ಅದೇ ವಾಕ್ಯವನ್ನು ಕನ್ನಡದಲ್ಲಿ ಹೇಳಿಸಿ, ಆಮೇಲೆ ಬರೆಸಿ.

ಹಾಗಂತ ಕನ್ನಡದ್ದೇ ಯಾವಾಗಲೂ ಸಲೀಸು ಅಂದುಕೊಳ್ಳಬೇಡಿ. ಭಿನ್ನರಾಶಿಯಲ್ಲಿ ಇದು ತಲೆಕೆಳಗಾಗುತ್ತದೆ. ‘ನಾಲ್ಕನೇ ಮೂರು ಭಾಗ’ ಅಂದಾಗ ಕನ್ನಡ ಮಾಧ್ಯಮದ ಮಗು ನಾಲ್ಕನ್ನು ಮೇಲೆ ಬರೆದುಬಿಡುವುದುಂಟು. ಅಲ್ಲಿ ‘ತ್ರೀ ಬೈ ಫೋರ್’ ಅನ್ನುವುದು ಬರೆಯುವ ಸಾಲಿಗೆ ಹತ್ತಿರ. ಎರಡೂ ಬರುವ ನಿಮ್ಮಂಥವರಿಗೆ ಯಾವ ತಪ್ಪು ಯಾವ ಭಾಷೆಯಿಂದ ಬಂತು ಅಂತ ಕಾಣುತ್ತದೆ. ಒಂದೇ ಭಾಷೆಯಲ್ಲಿ ಕಲಿತವರಿಗೆ ಅದು ಸುಮ್ನೆ ‘ದಡ್ಡತನ’ ಅಂತ ಕಾಣುತ್ತದೆ.

ನಮ್ಮ ಕಡೆಯ ಮಕ್ಕಳಿಗೆ ದಶಮಾಂಶ ಕಲಿಸುವಾಗ ಹೊಲದ ಲೆಕ್ಕ ತಪ್ಪದೆ ಕೊಡಿ. ‘2 ಎಕರೆ 20 ಗುಂಟೆ ಜಮೀನು. ಎಕರೆಗೆ 20 ಕ್ವಿಂಟಾಲ್ ಮೆಕ್ಕೆಜೋಳ ಬಂದರೆ ಒಟ್ಟು ಎಷ್ಟು?’ ಬಹಳಷ್ಟು ಮಕ್ಕಳು 2.20 ಅಂತ ಬರೆದು 20ರಿಂದ ಗುಣಿಸಿ 44 ಅನ್ನುತ್ತಾರೆ. ಎಕರೆಗೆ 40 ಗುಂಟೆ, ಹಾಗಾಗಿ ಅದು ಎರಡೂವರೆ ಎಕರೆ, 50 ಕ್ವಿಂಟಾಲ್. ‘ಆರು ಕ್ವಿಂಟಾಲ್ ಎಲ್ಲಿ ಹೋಯ್ತು?’ ಅಂತ ಕೇಳಿ ನೋಡಿ. ಮನೆಯಲ್ಲಿ ಜಮೀನಿರುವ ಮಗು ತಕ್ಷಣ ಎದ್ದು ಕೂರುತ್ತದೆ. ಒಂದು ಗಂಟೆ ಮೂವತ್ತು ನಿಮಿಷವನ್ನು 1.30 ಗಂಟೆ ಅಂತ ಬರೆದು ವೇಗದ ಲೆಕ್ಕ ತಪ್ಪುವುದೂ ಇದೇ ಜಾತಿಯ ತಪ್ಪು.

ಡಾಕ್ಟರ್ ಆಗಲು ಹೊರಟವರು ನೀವು, ನಿಮ್ಮ ಹತ್ತಿರ ಇನ್ನೊಂದು ಸರಕಿದೆ. ಅನುಪಾತ ಹೇಳಿಕೊಡುವಾಗ ಔಷಧಿ ಲೆಕ್ಕ ತೆಗೆಯಿರಿ. ಮಕ್ಕಳ ಜ್ವರಕ್ಕೆ ಪ್ಯಾರಾಸಿಟಮಾಲ್ ಅನ್ನು ವೈದ್ಯರು ಒಂದು ಸಲಕ್ಕೆ ಸಾಮಾನ್ಯವಾಗಿ ಕಿಲೋ ತೂಕಕ್ಕೆ 15 ಮಿಲಿಗ್ರಾಂ ಲೆಕ್ಕದಲ್ಲಿ ಬರೆಯುತ್ತಾರೆ. 12 ಕಿಲೋ ಮಗುವಿಗೆ 180 ಮಿಲಿಗ್ರಾಂ. ಸಿರಪ್ಪು ಎರಡು ಥರ ಬರುತ್ತದೆ. ಒಂದರಲ್ಲಿ 5 ಮಿಲಿಲೀಟರ್‌ಗೆ 125 ಮಿಲಿಗ್ರಾಂ, ಇನ್ನೊಂದರಲ್ಲಿ 250. ಮೊದಲನೇ ಬಾಟಲಿಯಿಂದ 7.2 ಮಿಲಿಲೀಟರ್ ಬೇಕು, ಎರಡನೇದರಿಂದ 3.6 ಸಾಕು. ಬಾಟಲಿ ಮೇಲಿನ ಅಂಕಿ ಓದದೆ ಅಳೆದರೆ ಡೋಸ್ ಎರಡು ಪಟ್ಟೋ ಅರ್ಧವೋ ಆಗಿಬಿಡಬಹುದು. ಉತ್ತರದ ಮುಂದೆ ಮಿಲಿಗ್ರಾಂ, ಮಿಲಿಲೀಟರ್ ಅಂತ ಯಾಕೆ ಬರೆಯಲೇಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಲೆಕ್ಕ ನನಗೆ ಗೊತ್ತಿಲ್ಲ. ಇದು ಪಾಟಿ ಮೇಲಿನ ಲೆಕ್ಕ, ಮನೆಯಲ್ಲಿ ತಮ್ಮನಿಗೆ ಔಷಧಿ ಹಾಕೋಕೆ ಅಲ್ಲ ಅಂತಲೂ ಖಡಾಖಂಡಿತವಾಗಿ ಹೇಳಿ.

ಡ್ರಿಪ್ ಲೆಕ್ಕವೂ ಮಕ್ಕಳಿಗೆ ಇಷ್ಟ. 500 ಮಿಲಿಲೀಟರ್ ಬಾಟಲಿ 4 ಗಂಟೆಯಲ್ಲಿ ಮುಗಿಯಬೇಕು, ಮಿಲಿಲೀಟರ್‌ಗೆ 20 ಹನಿ ಬೀಳುವ ಸೆಟ್ಟು. ನಿಮಿಷಕ್ಕೆ ಎಷ್ಟು ಹನಿ? ಹತ್ತು ಸಾವಿರ ಹನಿಯನ್ನು 240 ನಿಮಿಷಕ್ಕೆ ಹಂಚಿದರೆ 41.67. ‘ಅಕ್ಕ, ಹನಿ ಪಾಯಿಂಟ್ ಆರು ಏಳು ಹೆಂಗೆ ಬೀಳುತ್ತೆ?’ ಅಂತ ಯಾರಾದರೂ ಕೇಳಿದರೆ ಆ ದಿನದ ಪಾಠ ಗೆದ್ದಂತೆ. ಆದರೆ ದಿನಾ ಆಸ್ಪತ್ರೆ ಲೆಕ್ಕ ಬೇಡ. ಅದು ನಿಮ್ಮ ಆಸಕ್ತಿ, ಅವರೆಲ್ಲರದ್ದೂ ಅಲ್ಲ.

ಈಗ ಸ್ವಲ್ಪ ಕಟುವಾದ ಮಾತು. ಟೆಸ್ಟ್‌ನಲ್ಲಿ ಮಕ್ಕಳು ಬರೆಯದೇ ಇರುವುದಕ್ಕೆ ನಿಮ್ಮ ನೀಟ್ ಓದೂ ಒಂದು ಕಾರಣ ಇರಬಹುದು ಅಂತ ನನ್ನ ಗುಮಾನಿ. ನೀಟ್‌ನಲ್ಲಿ 180 ನಿಮಿಷಕ್ಕೆ 180 ಪ್ರಶ್ನೆ. ನೀವು ಹೇಗೆ ಉತ್ತರಕ್ಕೆ ಬಂದಿರಿ ಅಂತ ಯಾರೂ ನೋಡುವುದಿಲ್ಲ, ಓಎಂಆರ್ ಹಾಳೆಯ ಗೋಲ ತುಂಬಿದರಾಯಿತು. ತಪ್ಪಿದರೆ ಒಂದು ಅಂಕ ಹೋಗುತ್ತದೆ, ಹಾಗಾಗಿ ನಾಲ್ಕರಲ್ಲಿ ಎರಡು ಆಯ್ಕೆ ಹೊಡೆದುಹಾಕುವ ಜಾಣತನ ಬೇಕು. ದಿನವಿಡೀ ಆ ಅಭ್ಯಾಸ ಮಾಡಿದವರು ಸಂಜೆ ಮಕ್ಕಳ ಮುಂದೆ ಕೂತರೆ ಕೈ ತಾನಾಗಿ ಹಂತ ಹಾರಿಸುತ್ತದೆ. ಎಸ್ಸೆಸ್ಸೆಲ್ಸಿ ಗಣಿತ ಪತ್ರಿಕೆ ಹಾಗಲ್ಲ. ಇತ್ತೀಚಿನ ವರ್ಷಗಳಲ್ಲಿ ಅದರ 80 ಅಂಕದಲ್ಲಿ ಬಹು ಆಯ್ಕೆಗೆ ಇದ್ದದ್ದು 8. ಎರಡು, ಮೂರು, ನಾಲ್ಕು ಅಂಕದ ಪ್ರಶ್ನೆಗಳಲ್ಲಿ ಸೂತ್ರಕ್ಕೆ ಇಷ್ಟು, ಬೆಲೆ ಹಾಕಿದ್ದಕ್ಕೆ ಇಷ್ಟು ಅಂತ ಹಂತಕ್ಕೆ ಅಂಕ. ಉತ್ತರ ತಪ್ಪಿದರೂ ಹಂತ ಸರಿ ಇದ್ದರೆ ಅಂಕ ಬರುತ್ತದೆ. ಬರೀ ಉತ್ತರ ಬರೆದರೆ ಬರುವುದಿಲ್ಲ.

ಅದಕ್ಕೆ ಒಂದು ನಿಯಮ ಮಾಡಿಕೊಳ್ಳಿ. ಪೆನ್ನು ಮಗುವಿನ ಕೈಯಲ್ಲೇ ಇರಲಿ. ನೀವು ಬರೆದು ತೋರಿಸಿದ್ದು ಎಷ್ಟು ಚೆನ್ನಾಗಿದ್ದರೂ ಅದು ನಿಮ್ಮ ಕೈಯ ಅಭ್ಯಾಸ. ಮಗು ತಪ್ಪು ದಾರಿ ಹಿಡಿದರೂ ಎರಡು ಸಾಲು ಹೋಗಲು ಬಿಡಿ, ಆಮೇಲೆ ‘ಯಾಕೆ ಹೀಗೆ?’ ಅನ್ನಿ. ಸಮಯ ಹಿಡಿಯುತ್ತದೆ, ನಿಜ. ಒಂದು ಸಂಜೆಗೆ ಹತ್ತು ಲೆಕ್ಕ ಆಗುವ ಕಡೆ ನಾಲ್ಕಾಗುತ್ತದೆ. ನಾಲ್ಕೇ ಸಾಕು.

ಹುಡುಗನ ಅಮ್ಮನ ವಿಷಯ. ಅವರ ಹತ್ತಿರ ವಾದ ಮಾಡಬೇಡಿ. ಫೀಸು ಕಟ್ಟಿ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ್ದಾರೆ, ಅವರ ಆತಂಕ ಅವರದ್ದು. ಪ್ರತಿ ದಿನ ಕೊನೆಯ ಹತ್ತು ನಿಮಿಷ ಹುಡುಗನಿಂದ ಒಂದು ಲೆಕ್ಕವನ್ನು ಇಂಗ್ಲಿಷ್‌ನಲ್ಲಿ ಗಟ್ಟಿಯಾಗಿ ಓದಿಸಿ, ಪೂರ್ತಿ ಹಂತಗಳನ್ನು ಇಂಗ್ಲಿಷ್ ವಾಕ್ಯದಲ್ಲೇ ಬರೆಸಿ, ತಾರೀಕು ಹಾಕಿಸಿ. ತಿಂಗಳಾದ ಮೇಲೆ ‘ಅಮ್ಮಾ, ನೋಟ್‌ಬುಕ್ ನೋಡಿ’ ಅನ್ನಿ. ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಕಂಡರೆ ಮಾತಿನ ಕನ್ನಡದ ಬಗ್ಗೆ ಅವರು ಮತ್ತೆ ಕೇಳಲಿಕ್ಕಿಲ್ಲ.

ಮುಂದೆ ಉರ್ದು ಮನೆಮಾತಿನ ಮಗುವೋ, ತಾಂಡಾದ ಲಂಬಾಣಿ ಮಗುವೋ ಬಂದರೆ? ಆ ಮಗುವಿಗೆ ಕನ್ನಡವೂ ಶಾಲೆಯ ಭಾಷೆಯೇ. ನಿಮಗೆ ಲಂಬಾಣಿ ಬರಬೇಕಿಲ್ಲ. ಅದು ತನ್ನ ಭಾಷೆಯಲ್ಲಿ ಎಣಿಸಿಕೊಳ್ಳಲಿ, ಗೊಣಗಿಕೊಳ್ಳಲಿ, ತಡೆಯಬೇಡಿ. ಅದೇ ಮನೆಮಾತಿನ ಇನ್ನೊಂದು ಮಗು ಇದ್ದರೆ ಪಕ್ಕದಲ್ಲಿ ಕೂರಿಸಿ.

ಕೊನೆಗೆ, ದಂಡವೇ ಅಂತ ಕೇಳಿದ್ದೀರಿ. ನೇರವಾಗಿ ಹೇಳುತ್ತೇನೆ. ನೀಟ್‌ನಲ್ಲಿ ಗಣಿತ ಇಲ್ಲ. 720 ಅಂಕದಲ್ಲಿ ಜೀವಶಾಸ್ತ್ರದ್ದೇ 360. ಒಂಬತ್ತನೇ ತರಗತಿ ಲೆಕ್ಕ ಹೇಳಿಕೊಟ್ಟರೆ ಅದರಲ್ಲಿ ಒಂದು ಅಂಕವೂ ಜಾಸ್ತಿ ಆಗುವುದಿಲ್ಲ. ಭೌತಶಾಸ್ತ್ರದ 45 ಪ್ರಶ್ನೆಗಳಿಗೆ ಮಾತ್ರ ಉಪಯೋಗ ಇದೆ. ಅಲ್ಲಿ ಕ್ಯಾಲ್ಕುಲೇಟರ್ ಇಲ್ಲ. ಭಿನ್ನರಾಶಿ, ಘಾತಾಂಕ, ತ್ರಿಕೋನಮಿತಿ ಕೈಯಲ್ಲೇ ಆಗಬೇಕು. ಬಲವನ್ನು ಎರಡು ದಿಕ್ಕಿಗೆ ಒಡೆಯುವಾಗ ಸೈನ್ ಎಲ್ಲಿ, ಕಾಸ್ ಎಲ್ಲಿ ಅಂತ ತಡಬಡಾಯಿಸುವವರು ಹತ್ತನೇ ತರಗತಿಯ ಲಂಬಕೋನ ತ್ರಿಭುಜವನ್ನು ಬಾಯಿಪಾಠ ಮಾಡಿ ಬಂದವರು. ಇನ್ನೊಬ್ಬರಿಗೆ ಬಿಡಿಸಿ ಹೇಳಿದರೆ ಅದು ನಿಮಗೂ ಗಟ್ಟಿಯಾಗುತ್ತದೆ. ಅಷ್ಟಕ್ಕೆ ದಿನಕ್ಕೆ ಒಂದು ಗಂಟೆ, ವಾರಕ್ಕೆ ನಾಲ್ಕು ದಿನ ಸಾಕು. ಅದಕ್ಕಿಂತ ಜಾಸ್ತಿ ಕೊಡಬೇಡಿ. ಫೀಸನ್ನೂ ತೆಗೆದುಕೊಳ್ಳಿ, ಸ್ವಲ್ಪವೇ ಆಗಲಿ. ಪುಕ್ಕಟೆ ಪಾಠಕ್ಕೆ ಮಕ್ಕಳು ಹೊತ್ತಿಗೆ ಸರಿಯಾಗಿ ಬರುವುದು ಕಷ್ಟ.

ಪರೀಕ್ಷೆ ತಿಂಗಳುಗಳ ಬಗ್ಗೆ ಪೋಷಕರಿಗೆ ಈಗಲೇ ಹೇಳಿಬಿಡಿ. ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆ ಮಾರ್ಚ್‌ನಲ್ಲಿ ಶುರುವಾಗುತ್ತದೆ, ನೀಟ್ ಸಾಮಾನ್ಯವಾಗಿ ಮೇ ತಿಂಗಳ ಮೊದಲ ಭಾನುವಾರ. ಹಾಗಾಗಿ ಜನವರಿ ಮುಗಿಯುವಷ್ಟರಲ್ಲಿ ಹೊಸ ಪಾಠ ಮುಗಿಸಿ, ಫೆಬ್ರವರಿಯಲ್ಲಿ ಹಳೇ ಪ್ರಶ್ನೆಪತ್ರಿಕೆ ಮಾತ್ರ ಬಿಡಿಸಿ. ಏಪ್ರಿಲ್ ಪೂರ್ತಿ ನಿಮ್ಮದು, ಒಂಬತ್ತನೇ ತರಗತಿಯವರಿಗೂ ರಜೆ ಕೊಡಿ. ಯಾರಿಗಾದರೂ ಮೊದಲ ಪರೀಕ್ಷೆಯಲ್ಲಿ ಗಣಿತ ಉಳಿದುಕೊಂಡರೆ ಪರೀಕ್ಷೆ-2 ಇದ್ದೇ ಇದೆ. 2024ರಲ್ಲೂ 2025ರಲ್ಲೂ ಅದು ನಡೆದದ್ದು ನೀಟ್ ಆದ ಮೇಲೆ. ಆ ಮಗುವನ್ನು ಆಗ ಕರೆಸಿಕೊಳ್ಳಬಹುದು.